ಸಕಲೇಶಪುರದಲ್ಲಿ ರೆಡ್ ಮೇಪಲ್ ಬೋನ್ಸಾಯ್: ಬೀಜ ತರಿಸಲಾ, ಗಿಡ ತರಲಾ?

ಬೋನ್ಸಾಯ್ ಮಾಡಲು, ಅಂದರೆ ಚಪ್ಪಟೆ ಟ್ರೇಯಲ್ಲಿ ಪುಟ್ಟ ಮರವಾಗಿ ಬೆಳೆಸಲು, ಅಮೆರಿಕದಲ್ಲಿರುವ ತಮ್ಮನ ಕೈಲಿ ರೆಡ್ ಮೇಪಲ್ ಬೀಜ ತರಿಸಲಾ, ಇಲ್ಲಾ ಗಿಡವನ್ನೇ ತರಲಾ ಅಂತ ಫೋಟೋ ಹಾಕಿ ಕೇಳಿದ್ದೀರಿ. ಬೀಜವೂ ಬೇಡ, ಗಿಡವೂ ಬೇಡ. ಸಕಲೇಶಪುರದಲ್ಲಿ ಚಳಿ ಇದೆ, ಮಳೆ ಇದೆ, ಮಣ್ಣು ಹುಳಿ, ಮೇಪಲ್‌ಗೆ ಇನ್ನೇನು ಬೇಕು ಅಂತ ಬರೆದಿದ್ದೀರಿ. ಆಲ್ದೂರಿನ ಹತ್ತಿರ ನಮ್ಮ ಕಾಫಿ ತೋಟದಲ್ಲಿ ಕೂತು ನಾನು ಹಾಕಿದ ಲೆಕ್ಕವೂ ಥೇಟ್ ಇದೇ.

ನನಗೆ ಮೊದಲು ಬಂದದ್ದು ರೆಡ್ ಮೇಪಲ್ಲೇ ಅಲ್ಲ. ಆ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ತರಿಸಿದ್ದೆ. ಎಲೆ ಚಿಗುರಿನಿಂದಲೇ ಕೆಂಪು, ಏಳು ಚೂಪು ಸೀಳು. ಅದು ಜಪಾನಿ ಮೇಪಲ್, ಏಸರ್ ಪಾಮೇಟಮ್. ನಿಜವಾದ ರೆಡ್ ಮೇಪಲ್ ಅಂದರೆ ಏಸರ್ ರೂಬ್ರಮ್. ಉತ್ತರ ಅಮೆರಿಕದ ಪೂರ್ವ ಭಾಗದ ಕಾಡಿನ ಮರ, ಕೆನಡಾದಿಂದ ಫ್ಲಾರಿಡಾವರೆಗೆ ಬೆಳೆಯುತ್ತದೆ. ಅದರ ಎಲೆಗೆ ಮೂರೋ ಐದೋ ಸೀಳು, ಅಂಚಿನಲ್ಲಿ ಹಲ್ಲು ಹಲ್ಲು, ಅಡಿಭಾಗ ಬೂದು ಬಿಳಿ. ಬೇಸಿಗೆಯಿಡೀ ಅದು ಹಸಿರು. ಕೆಂಪಾಗುವುದು ಎಲೆ ಉದುರುವ ಮುಂಚೆ ಕೆಲವು ವಾರ ಮಾತ್ರ. ನೀವು ಹಾಕಿರುವ ಫೋಟೋದಲ್ಲಿರುವುದೂ ಜಪಾನಿ ಮೇಪಲ್ಲೇ.

ಆಮೇಲೆ ಬೆಂಗಳೂರಿನ ಪರಿಚಯದವರೊಬ್ಬರು ಮನೆ ಬದಲಿಸುವಾಗ ಒಂದು ನಿಜವಾದ ಏಸರ್ ರೂಬ್ರಮ್ ಕೊಟ್ಟರು. ದಪ್ಪ ಕಾಂಡ, ಬುಡದಲ್ಲಿ ಬೇರು ಸುತ್ತಲೂ ಚೆನ್ನಾಗಿ ಹರಡಿತ್ತು. ಅದು ಸತ್ತದ್ದು ನಾನು ತಪ್ಪು ತಿಂಗಳಲ್ಲಿ ಬೇರು ಮುಟ್ಟಿದ್ದಕ್ಕೆ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೂ "ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಟ್ರೇಗೆ ಹಾಕೋಣ ಅಂತಿದ್ದೇನೆ" ಅಂದಿದ್ದೀರಿ.

ನಮ್ಮ ಕಡೆ ಏನು ನೆಟ್ಟರೂ ಮುಂಗಾರಿಗೇ ಅಲ್ವಾ? ಕಾಫಿ, ಸಿಲ್ವರ್ ಓಕ್, ಹಾಲುವಾಣದ ಗೂಟ, ಮೆಣಸಿನ ಬಳ್ಳಿ, ಎಲ್ಲಾ. "ಮೃಗಶಿರ ಹಿಡಿದ ಮೇಲೆ ನೆಟ್ಟಿದ್ದು ಸಾಯಲ್ಲ" ಅಂತ ನಮ್ಮ ಮಾವನವರು ಹೇಳುತ್ತಿದ್ದರು. ಕಾಫಿಗೆ ಅದು ಸತ್ಯ. ನಾನೂ ಆ ಮಳೆಗೇ ಕಾದು, ಮೇಪಲ್ಲನ್ನು ಕುಂಡದಿಂದ ಕಿತ್ತು, ಅರ್ಧದಷ್ಟು ಬೇರು ಕತ್ತರಿಸಿ, ಚಪ್ಪಟೆ ಟ್ರೇಗೆ ಹಾಕಿದೆ. ಗಿಡದ ತುಂಬಾ ಎಲೆ ಇತ್ತು.

ಕಾಫಿ ಗಿಡವನ್ನು ನಾವು ಚೀಲದಿಂದ ಮಣ್ಣಿನ ಹೆಂಟೆ ಸಮೇತ ಗುಂಡಿಗೆ ಇಳಿಸುತ್ತೇವೆ. ಸುತ್ತಿಕೊಂಡ ಬೇರಿನ ತುದಿ ಬಿಟ್ಟರೆ ಏನೂ ಕತ್ತರಿಸುವುದಿಲ್ಲ. ಚಳಿಗಾಲದಲ್ಲಿ ಎಲೆ ಉದುರಿಸುವ ಮರದ ಲೆಕ್ಕ ಬೇರೆ. ಅದು ಶಕ್ತಿಯನ್ನೆಲ್ಲ ಬೇರು ಮತ್ತು ಕಾಂಡದಲ್ಲಿ ಕೂಡಿಟ್ಟು ಮಲಗುತ್ತದೆ. ಮೊಗ್ಗು ಊದಿ ಇನ್ನೂ ಒಡೆಯದೆ ಇರುವಾಗ ಬೇರು ಕತ್ತರಿಸಿದರೆ, ಆ ಕೂಡಿಟ್ಟದ್ದರಿಂದ ಹೊಸ ಬೇರು ಬರುತ್ತದೆ. ನೀರು ಕೇಳುವ ಎಲೆಯೂ ಆಗ ಇರುವುದಿಲ್ಲ. ಜೂನ್‌ನಲ್ಲಿ ಆ ಕೂಡಿಟ್ಟ ಶಕ್ತಿಯ ಬಹುಪಾಲು ಎಲೆಗೆ ಖರ್ಚಾಗಿರುತ್ತದೆ. ಮೇಲೆ ತುಂಬು ಎಲೆ, ಕೆಳಗೆ ಅರ್ಧ ಬೇರು. ಮೊಗ್ಗು ನೋಡಿ ಮಾಡಬೇಕಾದ ಕೆಲಸವನ್ನು ನಾನು ಮಳೆ ನೋಡಿ ಮಾಡಿದ್ದೆ.

ಅದರ ಮೇಲೆ ಮಣ್ಣು. ಟ್ರೇಗೆ ತುಂಬಿದ್ದು ಕಾಫಿ ನರ್ಸರಿಯ ಮಿಶ್ರಣವೇ: 6 ಪಾಲು ಕಾಡುಮಣ್ಣು, 2 ಪಾಲು ಕೊಟ್ಟಿಗೆ ಗೊಬ್ಬರ, 1 ಪಾಲು ಮರಳು. ಯಾವ ಪಾತ್ರೆಯಲ್ಲೇ ಆಗಲಿ, ನೀರು ಬಸಿದ ಮೇಲೂ ತಳದಲ್ಲಿ ಒಂದಿಷ್ಟು ಎತ್ತರದ ಮಣ್ಣು ನೀರು ತುಂಬಿಕೊಂಡೇ ಇರುತ್ತದೆ. ಆ ಎತ್ತರವನ್ನು ಮಣ್ಣಿನ ಕಣದ ಗಾತ್ರ ತೀರ್ಮಾನಿಸುತ್ತದೆ, ಪಾತ್ರೆಯ ಆಳ ಅಲ್ಲ. 9 ಇಂಚಿನ ಚೀಲದಲ್ಲಿ ಅದು ತಳದಲ್ಲೇ ಉಳಿಯುತ್ತದೆ. 2 ಇಂಚಿನ ಟ್ರೇಯಲ್ಲಿ ಬೇರಿಗೆ ಇರುವ ಜಾಗವೆಲ್ಲ ಅದೇ. ರೆಡ್ ಮೇಪಲ್ ಜೌಗಿನಲ್ಲೂ ಬೆಳೆಯುತ್ತದೆ ಅಂತ ಓದಿ ನಾನು ಧೈರ್ಯ ಮಾಡಿದ್ದೆ. ಜೌಗಿನಲ್ಲಿ ನಿಲ್ಲುವುದು ಬೇರು ಗಟ್ಟಿಯಾಗಿ ಊರಿದ ಮರ. ಆಗಷ್ಟೇ ಕತ್ತರಿಸಿದ ಬೇರು ಗಾಳಿಯಾಡದ ಬೆಚ್ಚನೆ ಕೆಸರಿನಲ್ಲಿ ಕೊಳೆಯುತ್ತದೆ. ಜಡಿಮಳೆಯಲ್ಲೇ ಎಲೆ ಬಾಡಿತು. ಟ್ರೇಯನ್ನು ಜಗಲಿಗೆ ತಂದಿಟ್ಟರೂ ಪ್ರಯೋಜನ ಆಗಲಿಲ್ಲ. ಕಿತ್ತು ನೋಡಿದಾಗ ಬೇರಿನ ಸಿಪ್ಪೆ ಕೈಗೇ ಜಾರಿ ಬಂತು. ಅಂಥ ಬುಡ ನನಗೆ ಮತ್ತೆ ಸಿಕ್ಕಿಲ್ಲ.

ಸರಿಯಾದ ಕಾಲದಲ್ಲಿ ಮಾಡಿದ್ದರೆ ಬದುಕುತ್ತಿತ್ತು ಅಂತ ನೀವು ಹೇಳಬಹುದು. ಹೌದು, ಕೆಲವು ವರ್ಷ. ಆ ಸತ್ತ ಮರದಿಂದ ಮೊದಲೇ ಗೂಟಿ ಕಟ್ಟಿ (ಮರದಲ್ಲಿರುವಾಗಲೇ ಬೇರು ಬರಿಸಿ) ತೆಗೆದ ಒಂದು ಕೊಂಬೆ ಇತ್ತು. ಅದನ್ನು ಜರಡಿ ಹಿಡಿದ ಇಟ್ಟಿಗೆ ಚೂರಿನಲ್ಲಿ, ಆಳದ ಕುಂಡದಲ್ಲಿ ಜೋಪಾನವಾಗಿ ಬೆಳೆಸಿದೆ. ಡಿಸೆಂಬರ್‌ನಲ್ಲಿ ಎಲೆಯ ಅಂಚು ಕಂದಾಯಿತು. ಅರ್ಧ ಉದುರಿತು, ಅರ್ಧ ಅಂಟಿಕೊಂಡೇ ಇತ್ತು. ಕೆಂಪು ಬರಲೇ ಇಲ್ಲ. ಒಂದು ಕೊಂಬೆ ಈಗ ಚಿಗುರಿದರೆ ಇನ್ನೊಂದು ತಿಂಗಳು ಬಿಟ್ಟು. ವರ್ಷದಿಂದ ವರ್ಷಕ್ಕೆ ಸೊರಗಿ ಹೋಯಿತು.

ಕಾರಣ ಚಳಿ ಮತ್ತು ಹಗಲು, ಎರಡೂ. ಈ ಮರ, ಅದರಲ್ಲೂ ಉತ್ತರದ ಚಳಿ ನಾಡಿನದು, ಸರಿಯಾಗಿ ಮಲಗಿ ಏಳಬೇಕಾದರೆ 7 ಡಿಗ್ರಿಗಿಂತ ಕೆಳಗಿನ ಚಳಿ ವಾರಗಟ್ಟಲೆ ಬೇಕು. ನಮ್ಮ ಊರುಗಳಲ್ಲಿ ಜನವರಿಯ ರಾತ್ರಿಯೂ 10 ಡಿಗ್ರಿಗಿಂತ ಇಳಿಯುವುದು ಅಪರೂಪ. ಜೊತೆಗೆ ನಮ್ಮ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ. ನ್ಯೂಯಾರ್ಕ್ ಕಡೆ ಅದು ಹತ್ತಿರ ಹತ್ತಿರ ಆರು ಗಂಟೆ. ಹಗಲು ಕುಗ್ಗುವುದನ್ನು ಗುರುತು ಹಿಡಿದು ಮಲಗುವ ಮರಕ್ಕೆ ಇಲ್ಲಿ ಸೂಚನೆಯೇ ಸಿಗುವುದಿಲ್ಲ. ಮುಳ್ಳಯ್ಯನಗಿರಿ 1,900 ಮೀಟರಿಗಿಂತ ಎತ್ತರ ಇರಬಹುದು, ಆದರೆ ಅದೂ 13 ಡಿಗ್ರಿ ಅಕ್ಷಾಂಶದ ಹತ್ತಿರವೇ ಇದೆ, ಹಗಲಿನ ಲೆಕ್ಕ ಅಲ್ಲೂ ಇದೇ.

ಬೋನ್ಸಾಯ್‌ಗೂ ಇದು ಸುಲಭದ ಮರವಲ್ಲ. ಎಲೆ ದೊಡ್ಡದು, ತೊಟ್ಟು ಉದ್ದ, ಗಿಣ್ಣಿನಿಂದ ಗಿಣ್ಣಿಗೆ ದೂರ ಜಾಸ್ತಿ. ಎಲೆ ಸವರಿದರೆ ಮುಂದಿನ ಎಲೆ ಚಿಕ್ಕದಾಗುತ್ತದೆ, ಆದರೆ ಅದನ್ನು ತಡೆದುಕೊಳ್ಳುವುದು ಕಸುವಿರುವ ಗಿಡ ಮಾತ್ರ. ಎಳೆ ತೊಗಟೆ ಮೆತ್ತಗೆ, ಆಕಾರ ಕೊಡಲು ಸುತ್ತಿದ ತಂತಿಯನ್ನು ಮರೆತರೆ ಅದು ಒಳಗೆ ಕೊರೆದುಬಿಡುತ್ತದೆ.

ನಿಮಗೆ ಬೇಕಾಗಿರುವುದು ಕೆಂಪು ಎಲೆಯ ಪುಟ್ಟ ಮರ ತಾನೇ? ಆಲದ ಜಾತಿಯ ಬಸರಿ ತೆಗೆದುಕೊಳ್ಳಿ. ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರಿಸಿ ತಾಮ್ರಗೆಂಪು ಚಿಗುರು ಬಿಡುತ್ತದೆ. ಅದಕ್ಕೆ ಹಿಮ ಬೇಕಿಲ್ಲ. ಹಳೇ ಗೋಡೆ, ಮೋರಿಯ ಸಂದಿಯಲ್ಲಿ ಹುಟ್ಟಿದ ಸಸಿಗಳಿಗೆ ಬುಡ ಆಗಲೇ ದಪ್ಪ ಇರುತ್ತದೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಮೇಲೆ, ಬಿಸಿಲು ಇರುವಾಗ ಕಿತ್ತು ಬೇರು ಸವರಿ. ತಡೆದುಕೊಳ್ಳುತ್ತದೆ. ಲಾಲ್‌ಬಾಗ್‌ನ ಬೋನ್ಸಾಯ್ ತೋಟಕ್ಕೋ ಮೈಸೂರಿನ ದತ್ತಪೀಠದ ಬೋನ್ಸಾಯ್ ತೋಟಕ್ಕೋ ಒಮ್ಮೆ ಹೋಗಿ ಬನ್ನಿ. ಆಲದ ಜಾತಿಯ ಮರಗಳು ಟ್ರೇಯಲ್ಲಿ ಎಷ್ಟು ಗಂಭೀರವಾಗಿ ಕಾಣುತ್ತವೆ ಅಂತ ನೋಡಿದರೆ ಮೇಪಲ್ ಆಸೆ ಕಡಿಮೆಯಾಗುತ್ತದೆ. ನನಗೆ ಆಯಿತು.

ಅಮೆರಿಕದಲ್ಲಿರುವ ತಮ್ಮನ ಕೈಲಿ ಬೀಜ ತರಿಸುವ ಯೋಚನೆ ಬಿಡಿ. ಬೀಜಕ್ಕೂ ಆಮದು ಪರವಾನಗಿ, ಅಲ್ಲಿನ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹೊರಗಿನ ರೋಗ ಒಂದು ತೋಟಕ್ಕೆ ಹೊಕ್ಕರೆ ಏನಾಗುತ್ತದೆ ಅಂತ ಕಾಫಿ ಬೆಳೆಯುವವರಿಗೆ ಹೇಳಬೇಕಿಲ್ಲ.

ಗಿಡಕ್ಕೆ ಆಗಲೇ ದುಡ್ಡು ಕಟ್ಟಿದ್ದರೆ ಟ್ರೇ ಮರೆತುಬಿಡಿ. ಆಳದ ಕುಂಡ, 3ರಿಂದ 5 ಮಿಲಿಮೀಟರಿನ ಇಟ್ಟಿಗೆ ಚೂರು, ಅದಕ್ಕೆ ಸ್ವಲ್ಪ ಕಾಂಪೋಸ್ಟ್. ಮಳೆಗಾಲದಲ್ಲಿ ಬೆಳಕು ಬೀಳುವ ಶೀಟಿನ ಕೆಳಗೆ ಇಡಿ. ಬೇರು ಮುಟ್ಟುವುದಾದರೆ ಮೊಗ್ಗು ಊದಿದಾಗ, ಅದು ಜನವರಿಯೋ ಫೆಬ್ರವರಿಯೋ ಆಗಲಿ.