ಕಡಕ್‌ನಾಥ್ ಶುದ್ಧ ಮರಿ ಬೇಕೆಂದರೆ ಮೊದಲ 3 ವಾರ ಕಾಯಿರಿ

ಅಣ್ಣ, ತೀರ್ಥಹಳ್ಳಿ ಮನೆಯಲ್ಲಿ ಆರು ನಾಟಿ ಹೇಂಟೆ, ಒಂದು ಹುಂಜ ಇವೆ, ಅವುಗಳ ಜೊತೆಗೇ ಮೈ, ಕಾಲು, ನಾಲಿಗೆ ಎಲ್ಲ ಕಪ್ಪಗಿರುವ ಕಡಕ್‌ನಾಥ್ ಬಿಟ್ಟು ಶುದ್ಧ ಮರಿ ಮಾಡಬಹುದಾ ಅಂತ ಕೇಳಿದ್ದೀರಿ. ಒಟ್ಟಿಗೆ ಬಿಟ್ಟರೆ ಖಂಡಿತ ಆಗುವುದಿಲ್ಲ.

ಹುಂಜ ಸೇರಿದ ಮೇಲೆ ಅದರ ಬೀಜ ಹೇಂಟೆಯ ಹೊಟ್ಟೆಯಲ್ಲಿ ಎರಡು ವಾರದವರೆಗೆ, ಕೆಲವೊಮ್ಮೆ ಇನ್ನೂ ಜಾಸ್ತಿ ದಿನ ಉಳಿಯುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಮೊದಲ ವರ್ಷ ಕಡಕ್‌ನಾಥ್ ಹೇಂಟೆ ತಂದ ವಾರದಲ್ಲೇ 11 ಮೊಟ್ಟೆ ಕಾವಿಗೆ ಇಟ್ಟೆ. ಹುಟ್ಟಿದ 9 ಮರಿಗಳಲ್ಲಿ ನಾಲ್ಕರ ಕಾಲು ತಿಳಿ ಬಣ್ಣ. ತುಂಬಾ ಬೇಜಾರಾಯಿತು.

ಹಾಗಾಗಿ ಕಡಕ್‌ನಾಥ್‌ನ ಒಂದು ಹುಂಜ, ಐದು ಹೇಂಟೆ ತಂದು ಬೇರೆ ಗೂಡಲ್ಲೇ ಇಟ್ಟು 3 ವಾರ ಕಾಯಿರಿ. ರೋಗ ಏನಾದರೂ ಇದ್ದರೆ ಅದೂ ಅಷ್ಟರಲ್ಲಿ ಕಾಣುತ್ತದೆ. ಆ ದಿನಗಳ ಮೊಟ್ಟೆ ಅಡುಗೆಮನೆಗೆ ಹೋಗಲಿ.

ನಿಮ್ಮ ನಾಟಿ ಹೇಂಟೆಗಳನ್ನು ಮಾತ್ರ ಮಾರಬೇಡಿ. ಕಡಕ್‌ನಾಥ್ ಕಾವಿಗೆ ಕೂರುವುದು ಬಹಳ ಕಡಿಮೆ. ಕಾವಿಗೆ ಬಂದ ನಾಟಿ ಹೇಂಟೆಯ ಕೆಳಗೆ ಆ 3 ವಾರ ಕಳೆದ ಮೇಲಿನ, ಇಟ್ಟು ವಾರದೊಳಗಿನ 10 ಕಡಕ್‌ನಾಥ್ ಮೊಟ್ಟೆ ಇಡಿ. ಪ್ರತಿ ಮೊಟ್ಟೆಗೂ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಯಾಕೆಂದರೆ ಅದು ಮೇಯಲು ಎದ್ದಾಗ ಬೇರೆ ಹೇಂಟೆ ಬಂದು ಅದೇ ಬುಟ್ಟಿಯಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಏಳನೇ ದಿನ ರಾತ್ರಿ ಕತ್ತಲಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿದು ನೋಡಿ. ಜೇಡರ ಕಾಲಿನ ಹಾಗೆ ಕೆಂಪು ನರ ಹರಡಿದ್ದರೆ ಮರಿ ಇದೆ. ಖಾಲಿ ಕಂಡದ್ದನ್ನು ತೆಗೆದುಬಿಡಿ. 21ನೇ ದಿನ ಮರಿ ಬರುತ್ತದೆ.

ಇಲ್ಲಿ ಒಬ್ಬರು ಗಿರಿರಾಜ ತನ್ನಿ ಅಂದಿದ್ದಾರೆ. ಸಾಕಲು ಒಳ್ಳೆಯದೇ. ಆದರೆ ಅದು ಬೆಂಗಳೂರಿನಲ್ಲಿ ಮಾಡಿದ ಮಿಶ್ರ ತಳಿ, ಅದರ ಮರಿಗಳು ಅದರಂತೆಯೇ ಬರುವುದಿಲ್ಲ.

ನಮ್ಮ ಮಳೆಗಾಲದಲ್ಲಿ ಮರಿ ಮಾಡಿಸಬೇಡಿ. ಗೂಡಿನ ನೆಲಕ್ಕೆ ಹಾಕಿದ ಹೊಟ್ಟು ಒದ್ದೆಯಾದರೆ ರಕ್ತ ಭೇದಿ ಶುರುವಾಗುತ್ತದೆ, ಒಂದೇ ವಾರದಲ್ಲಿ ಗೂಡು ಖಾಲಿ. ದೀಪಾವಳಿ ಕಳೆದ ಮೇಲೆ ಕೂರಿಸಿ. ಕೊಕ್ಕರೆ ರೋಗ (ರಾಣಿಖೇತ್) ಬಾರದಂತೆ ಮರಿಗೆ ಏಳನೇ ದಿನ ಕಣ್ಣಿಗೆ ಲಸೋಟಾ ಲಸಿಕೆಯ ಹನಿ, ಎಂಟನೇ ವಾರ ಆರ್‌ಟೂಬಿ ಚುಚ್ಚುಮದ್ದು ತಪ್ಪಿಸಬೇಡಿ. ಪಶು ಆಸ್ಪತ್ರೆಯಲ್ಲಿ ಮೊದಲೇ ಕೇಳಿಡಿ.

ಮುಂದಿನ ವರ್ಷ ಇದೇ ಹುಂಜದ ಮಗನನ್ನು ತಾಯಿ, ತಂಗಿಯರ ಜೊತೆ ಬಿಡಬೇಡಿ. ಬೇರೆ ಊರಿನಿಂದ ಹುಂಜ ತನ್ನಿ.

ಕೊಳ್ಳುವಾಗ ಕಪ್ಪು ಮೊಟ್ಟೆ ಇಡುತ್ತದೆ ಅಂದವರನ್ನು ನಂಬಬೇಡಿ. ಕಡಕ್‌ನಾಥ್ ಮೊಟ್ಟೆ ತಿಳಿ ಕಂದು. ಮಿಶ್ರ ಮರಿಗಳೂ ಸಾಕಷ್ಟು ಕಪ್ಪಗಿರುತ್ತವೆ, ಅದಕ್ಕೇ ತಾಯಿ ತಂದೆಯನ್ನು ತೋರಿಸಿ ಅನ್ನಿ. ಹುಂಜದ ಬಾಯಿ ತೆರೆಸಿ ನಾಲಿಗೆ ಕಾಣುವ ಹಾಗೆ ಒಂದು ಫೋಟೋ ತೆಗೆದು ಇಲ್ಲಿ ಹಾಕಿ, ದುಡ್ಡು ಕೊಡುವ ಮೊದಲು ನೋಡಿ ಹೇಳುತ್ತೇನೆ.