ಕೌದಿಗೂ ಬಣ್ಣದ ಬಾಟಲಿಗೂ ಒಂದೇ ಲೆಕ್ಕವೇ?

ಓದುಗರ ಪತ್ರ: ನಮ್ಮ ಅತ್ತೆಯವರು ಜಗಳೂರು ಕಡೆಯವರು. ಹಳೆಯ ಸೀರೆ, ಪಂಚೆ ಯಾವುದನ್ನೂ ಎಸೆಯಗೊಡದೆ ಟ್ರಂಕಿನಲ್ಲಿಟ್ಟು ಕೌದಿ ಹೊಲಿಯುತ್ತಾರೆ. ಕಾಲೇಜಿಗೆ ಹೋಗುವ ಮಗಳು ಬಾಟಲಿಗಳಿಗೆ ಬಣ್ಣ ಬಳಿಯುತ್ತಾಳೆ, ಹಳೆಯ ಟಯರಿನಲ್ಲಿ ಗಿಡ ನೆಡುತ್ತಾಳೆ, ಇದೆಲ್ಲ ಪರಿಸರಕ್ಕೆ ಒಳ್ಳೆಯದು ಎನ್ನುತ್ತಾಳೆ. ಮನೆ ಗುಜರಿ ಅಂಗಡಿಯಾಯಿತೆಂದು ನಮ್ಮ ಯಜಮಾನರಿಗೆ ಬೇಸರ. ಎಲ್ಲವೂ ಅಂಗಡಿಯಲ್ಲಿ ಸಿಗುವ ಈ ಕಾಲದಲ್ಲಿ ಜನ ಏಕೆ ಹೀಗೆ ಮಾಡುತ್ತಾರೆ? ಇದರಿಂದ ಪರಿಸರಕ್ಕೆ ನಿಜವಾಗಿಯೂ ಪ್ರಯೋಜನವಿದೆಯೇ? ಟ್ರಂಕಿನಲ್ಲಿ ಉಳಿದಿರುವ ಪಾಲಿಯೆಸ್ಟರ್ ಸೀರೆಗಳನ್ನು ಏನು ಮಾಡಬೇಕು? ಅತ್ತೆಯವರು ಹೊಲಿದ ಕೌದಿಯ ಚಿತ್ರವನ್ನೂ ಇದರೊಂದಿಗೆ ಇಟ್ಟಿದ್ದೇನೆ.
— ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಪ್ರಯೋಜನ ಖಂಡಿತವಾಗಿಯೂ ಇದೆ, ಆದರೆ ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಎಲ್ಲ ಕೆಲಸಕ್ಕೂ ಅದು ಸಮನಾಗಿ ಸಲ್ಲುವುದಿಲ್ಲ. ಹಳೆಯದರಿಂದ ಮಾಡಿದ ವಸ್ತುವೊಂದು ಅಂಗಡಿಯಿಂದ ತರಬೇಕಾಗಿದ್ದ ಹೊಸ ವಸ್ತುವನ್ನು ತಪ್ಪಿಸಿತೇ, ಮತ್ತು ಅದು ವರ್ಷಗಟ್ಟಲೆ ಬಳಕೆಯಲ್ಲಿ ಉಳಿಯಿತೇ ಎಂಬ ಎರಡು ಮಾತುಗಳ ಮೇಲೆ ಈ ಪ್ರಯೋಜನವೆಲ್ಲ ನಿಂತಿದೆ. ಈ ಎರಡರಲ್ಲೂ ನಿಮ್ಮ ಅತ್ತೆಯವರ ಕೌದಿ ಗೆಲ್ಲುತ್ತದೆ. ನಿಮ್ಮ ಮಗಳ ಕೆಲಸದಲ್ಲಿ ಕೆಲವು ಗೆಲ್ಲುತ್ತವೆ, ಕೆಲವು ಗೆಲ್ಲುವುದಿಲ್ಲ.

ಕಾಟನ್ ಮಿಲ್ಲುಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ನಿಮ್ಮ ಊರಿನಲ್ಲಿ, ಒಂದು ಬಟ್ಟೆಯ ಹಿಂದೆ ಎಷ್ಟು ದುಡಿಮೆ ಇರುತ್ತದೆ ಎಂಬುದನ್ನು ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದರ ಹಿಂದಿನ ನೀರು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹೊಲಕ್ಕೆ ಬಿದ್ದ ಮಳೆ, ಹಾಯಿಸಿದ ನೀರು, ಬಣ್ಣ ಹಾಕುವಾಗ ಖರ್ಚಾದದ್ದು ಎಲ್ಲವನ್ನೂ ಸೇರಿಸಿದರೆ ಒಂದು ಕಿಲೋ ಹತ್ತಿ ಬಟ್ಟೆಗೆ ಜಗತ್ತಿನ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಬೇಕೆಂದು ಅಂದಾಜಿಸಲಾಗಿದೆ. ಆ ಲೆಕ್ಕದಲ್ಲಿ ಅರ್ಧ ಕಿಲೋ ತೂಗುವ ನೂಲಿನ ಸೀರೆಯೊಂದಕ್ಕೆ 5,000 ಲೀಟರ್ ಆಯಿತು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರಿನಂತಹ ಮಳೆ ಕಡಿಮೆಯ ಸೀಮೆಯವರಿಗೆ ಈ ಸಂಖ್ಯೆಯ ಭಾರ ತಾನಾಗಿಯೇ ತಿಳಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಳೆಯ ಸೀರೆಯನ್ನು ಕೌದಿ ಮಾಡಿದ ಮಾತ್ರಕ್ಕೆ ಆ ನೀರು ಮರಳಿ ಬರುವುದಿಲ್ಲ, ಅದು ಎಂದೋ ಖರ್ಚಾಗಿ ಹೋಗಿದೆ. ಕೌದಿ ಇದೆಯೆಂದು ನೀವು ಈ ಚಳಿಗಾಲಕ್ಕೆ ಹೊಸ ಹೊದಿಕೆ ಕೊಳ್ಳದಿದ್ದರೆ, ಆ ಹೊಸ ಹೊದಿಕೆಗೆ ಹೋಗಬೇಕಾಗಿದ್ದ ನೀರು, ವಿದ್ಯುತ್ತು ಮತ್ತು ಬಣ್ಣ ಉಳಿದಂತಾಯಿತು. ಕೌದಿಯನ್ನು ಅಟ್ಟಕ್ಕೆ ಹಾಕಿ, ಹಾಸಿಗೆಗೆ ಅಂಗಡಿಯ ಹೊದಿಕೆಯನ್ನೇ ತಂದರೆ ಉಳಿತಾಯದ ಮಾತೇ ಇಲ್ಲ. ಬ್ರಿಟನ್ನಿನ ವ್ರಾಪ್ ಎಂಬ ಸಂಸ್ಥೆ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಉಡುಪೊಂದನ್ನು ಇನ್ನೂ ಒಂಬತ್ತು ತಿಂಗಳು ಹೆಚ್ಚಾಗಿ ಬಳಸಿದರೆ ಅದರ ಇಂಗಾಲ, ನೀರು ಮತ್ತು ತ್ಯಾಜ್ಯದ ಹೊರೆ ಶೇ. 20ರಿಂದ 30ರಷ್ಟು ತಗ್ಗುತ್ತದೆ. ಒಂಬತ್ತು ತಿಂಗಳಿಗೇ ಇಷ್ಟಾದರೆ, ಉಟ್ಟು ಸವೆದ ಮೇಲೂ ಹೊದಿಕೆಯಾಗಿ ವರ್ಷಗಟ್ಟಲೆ ಬಾಳುವ ಸೀರೆಯ ವಿಷಯವನ್ನು ನೀವೇ ಊಹಿಸಿಕೊಳ್ಳಬಹುದು. ಕಸದ ರಾಶಿಗೆ ಸೇರಿದ ನೂಲಿನ ಬಟ್ಟೆ ಗಾಳಿಯಾಡದ ಅಡಿಭಾಗದಲ್ಲಿ ಕೊಳೆತು ಮೀಥೇನ್ ಅನಿಲವಾಗುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ನೂರು ವರ್ಷಗಳ ಅವಧಿಯಲ್ಲಿ ಲೆಕ್ಕ ಹಾಕಿದರೆ ಮೀಥೇನಿನ ಶಾಖ ಹಿಡಿಯುವ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟಿನಷ್ಟು ಹೆಚ್ಚು.

ನೀವು ಕಳುಹಿಸಿದ ಚಿತ್ರವನ್ನು ನಾನು ಬಹಳ ಹೊತ್ತು ನೋಡಿದೆ. ಹೊರ ಅಂಚಿನಿಂದ ಹೊರಟ ಹೊಲಿಗೆ ಬೆರಳಗಲದ ಅಂತರದಲ್ಲಿ ಚೌಕ ಚೌಕವಾಗಿ ಒಳಗೆ ಸಾಗಿ ನಡುವಿಗೆ ಬಂದು ಮುಗಿದಿದೆ. ಕೆಂಪು ಸೆರಗಿನ ತುಂಡೊಂದು ಸರಿಯಾಗಿ ಭುಜ ಬರುವ ಕಡೆ, ಅಂದರೆ ಮೊದಲು ಸವೆಯುವ ಕಡೆಯೇ, ತೇಪೆಯಾಗಿ ಕೂತಿದೆ. ಒಳಪದರಕ್ಕೆ ಹಲವು ಸಲ ಒಗೆದು ಗಂಜಿಯೆಲ್ಲ ಹೋಗಿ ಮೆತ್ತಗಾದ ಸೀರೆಗಳನ್ನೇ ಹಾಕಿರುತ್ತಾರೆ, ಏಕೆಂದರೆ ಹೊಸ ಬಟ್ಟೆಯ ಪದರಗಳಲ್ಲಿ ಸೂಜಿ ಸಲೀಸಾಗಿ ಇಳಿಯುವುದಿಲ್ಲ, ಮೈಗೂ ಹಿತವಲ್ಲ. ಹಳತಾಗಿರುವುದೇ ಇಲ್ಲಿ ಬಟ್ಟೆಯ ಯೋಗ್ಯತೆಯಾಗಿದೆ. ಇಂತಹ ತಿಳಿವಳಿಕೆಯನ್ನು ಗುಜರಿ ಎಂದು ಕರೆಯುವುದು ಸರಿಯಲ್ಲವೆಂದು ನಿಮ್ಮ ಯಜಮಾನರಿಗೆ ನಾನು ಗೌರವದಿಂದಲೇ ಹೇಳಬಯಸುತ್ತೇನೆ.

ಇನ್ನು ಜನ ಏಕೆ ಹೀಗೆ ಮಾಡುತ್ತಾರೆ ಎಂಬುದು. ಹಿಂದಿನವರಿಗೆ ಅದು ಅನಿವಾರ್ಯವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮಲ್ಲಿ ಬಟ್ಟೆಗೂ ಪಡಿತರವಿತ್ತು, ಬರಗಾಲದ ಸೀಮೆಯಲ್ಲಿ ಹೊಸ ಬಟ್ಟೆ ಎಂದರೆ ಹಬ್ಬಕ್ಕೋ ಮದುವೆಗೋ ಮಾತ್ರ. ಆ ಅನಿವಾರ್ಯ ಹೋದರೂ ಕೈಗೆ ಹತ್ತಿದ ಅಭ್ಯಾಸ ಹೋಗಲಿಲ್ಲ. ಬಾಣಂತಿಯ ಮಗುವನ್ನು ಅಜ್ಜಿಯ ಸೀರೆಯ ಕೌದಿಯಲ್ಲೇ ಮಲಗಿಸಬೇಕೆಂಬ ಆಸೆಯಲ್ಲಿ ದುಡ್ಡಿನ ಲೆಕ್ಕ ಇರುವುದಿಲ್ಲ. ಇದಲ್ಲದೆ, ತಾನೇ ಮಾಡಿದ್ದರ ಮೇಲೆ ಮನುಷ್ಯನಿಗೆ ಹೆಚ್ಚಿನ ಮಮತೆ. ಅಮೆರಿಕದ ಸಂಶೋಧಕರಾದ ನಾರ್ಟನ್, ಮೋಚನ್ ಮತ್ತು ಏರಿಯಲಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾವೇ ಮಡಚಿದ ಕಾಗದದ ಆಕೃತಿಗಳಿಗೆ ಜನ ನುರಿತವರು ಮಾಡಿದವುಗಳಿಗೆ ಸರಿಸಮಾನವಾದ ಬೆಲೆ ಕಟ್ಟಿದ್ದರು. ಪರಿಸರಕ್ಕೆ ಈ ಮಮತೆ ಬಹಳ ಮುಖ್ಯವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಮಮತೆ ಇದ್ದ ವಸ್ತುವನ್ನು ಜನ ಹರಿದಾಗ ಹೊಲಿಯುತ್ತಾರೆ, ಎಸೆಯುವುದಿಲ್ಲ.

ಮಗಳ ಬಾಟಲಿಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಗಾಜಿನ ಬಾಟಲಿ ತಿರುಗಿ ತುಂಬಿಸಿಕೊಳ್ಳುವುದಕ್ಕೆ ಅಥವಾ ಕರಗಿಸಿ ಹೊಸದು ಮಾಡುವುದಕ್ಕೆ ಒದಗುವ ವಸ್ತು. ಅದರ ಮೇಲೆ ಆಯಿಲ್ ಪೇಂಟ್ ಬಳಿದು, ಅಂಟು ಹಚ್ಚಿ ಮಣಿ ಕೂರಿಸಿದರೆ ಗುಜರಿಯವರು ಅದನ್ನು ತೂಕಕ್ಕೆ ಹಾಕಿಕೊಳ್ಳಲು ಹಿಂದೆಗೆಯುತ್ತಾರೆ, ಬಣ್ಣ ಮಾಸಿದ ದಿನ ಅದು ನೇರವಾಗಿ ಕಸಕ್ಕೇ ಹೋಗುತ್ತದೆ. ಒಳ್ಳೆಯ ಬಾಟಲಿಯನ್ನು ಹಾಗೆಯೇ ತೊಳೆದು ಬೇಳೆಕಾಳು, ಮಸಾಲೆ ಪುಡಿ ತುಂಬಿಡುವುದು ಅದಕ್ಕಿಂತ ಎಷ್ಟೋ ಮೇಲು. ಅಲ್ಯೂಮಿನಿಯಂ ಪಾತ್ರೆಯೂ ಹಾಗೆಯೇ: ಅದನ್ನು ಕರಗಿಸಿ ಮತ್ತೆ ಅಲ್ಯೂಮಿನಿಯಂ ಮಾಡಲು ಅದಿರಿನಿಂದ ತೆಗೆಯುವುದಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 5ರಷ್ಟು ಸಾಕು. ಆದ್ದರಿಂದ ತೂತು ಬಿದ್ದ ಪಾತ್ರೆಯನ್ನು ಅಲಂಕಾರಕ್ಕೆ ನೇತು ಹಾಕುವುದಕ್ಕಿಂತ ಗುಜರಿಗೆ ಕೊಡುವುದೇ ಉತ್ತಮ. ಟಯರಿನಲ್ಲಿ ಗಿಡ ನೆಡುವುದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಒಳಮಡಿಕೆಯಲ್ಲಿ ನಿಂತ ನೀರಿನಲ್ಲೇ ಡೆಂಗಿಯ ಸೊಳ್ಳೆ ಮೊಟ್ಟೆಯಿಡುತ್ತದೆ. ತಳಕ್ಕೆ ತೂತು ಕೊರೆದು, ಒಳಮಡಿಕೆಗೂ ಮಣ್ಣು ತುಂಬುವಂತೆ ಅವಳಿಗೆ ಹೇಳಿ.

ನೀವು ಕೇಳದಿದ್ದರೂ ಒಂದು ಮಾತನ್ನು ಹೇಳದೆ ಬಿಡಲಾರೆ. ಮೆಕ್ಕೆಜೋಳ, ಹತ್ತಿ, ಭತ್ತ ಬೆಳೆಯುವ ನಮ್ಮ ಕಡೆಯ ಹಳ್ಳಿಗಳಲ್ಲಿ ಖಾಲಿಯಾದ ಕ್ರಿಮಿನಾಶಕದ ಕ್ಯಾನು, ಡಬ್ಬಿಗಳನ್ನು ತೊಳೆದು ನೀರಿಗೂ ಸೀಮೆಎಣ್ಣೆಗೂ ಇಟ್ಟುಕೊಳ್ಳುವುದನ್ನು ಈಗಲೂ ಕಾಣುತ್ತೇವೆ. ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿನೊಳಗೆ ಇಳಿದ ವಿಷ ಪೂರ್ತಿ ಹೋಗುವುದಿಲ್ಲ. ಮರುಬಳಕೆಗೆ ಸಿಗದಂತೆ ಅವುಗಳನ್ನು ಒಡೆದು, ವಸತಿಯಿಂದ ದೂರದಲ್ಲಿ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಮರುಬಳಕೆಯ ಹೆಸರಿನಲ್ಲಿ ಒಂದು ಮಗುವಿನ ಬಾಯಿಗೆ ವಿಷ ಹೋಗಬಾರದು. ಜಗಳೂರು ಕಡೆಯ ನಿಮ್ಮ ನೆಂಟರಿಗೂ ದಯವಿಟ್ಟು ಈ ವಿಷಯ ತಿಳಿಸಿ.

ಕೊನೆಗೆ ಪಾಲಿಯೆಸ್ಟರ್ ಸೀರೆಗಳು. ಕೌದಿಯ ಒಳಪದರಕ್ಕೆ ಅವು ಬೇಡ, ಬೆವರು ಹೀರುವುದಿಲ್ಲ, ಪದರಗಳು ಜಾರಿ ಹೊಲಿಗೆಯೂ ಬಿಗಿಯಾಗಿ ಕೂರುವುದಿಲ್ಲ. ಆದರೆ ಅವು ಬೇಗ ಹರಿಯುವುದಿಲ್ಲ, ಮಳೆಯಲ್ಲಿ ನೆನೆದರೂ ತಟ್ಟನೆ ಒಣಗುತ್ತವೆ, ಹೀಗಾಗಿ ಸಂತೆ ಚೀಲಕ್ಕೆ ಹೇಳಿ ಮಾಡಿಸಿದಂತಿವೆ. ಹೊಸ ಹತ್ತಿಯಿಂದ ಮಾಡಿದ ಚೀಲವನ್ನು, ಹವಾಮಾನದ ಮೇಲಿನ ಪರಿಣಾಮವೊಂದನ್ನೇ ಲೆಕ್ಕ ಹಿಡಿದರೂ, 50ಕ್ಕಿಂತ ಹೆಚ್ಚು ಸಲ ಬಳಸಿದ ಮೇಲೆಯೇ ಅದು ಪ್ಲಾಸ್ಟಿಕ್ ಚೀಲಕ್ಕೆ ಸಮವಾಗುತ್ತದೆ ಎಂದು ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಮನೆಯ ಹಳೆಯ ಸೀರೆಯ ಚೀಲಕ್ಕೆ ಹೊಸ ಬಟ್ಟೆಯ ಆ ಹೊರೆಯೇ ಇಲ್ಲ. ಸೀರೆಯನ್ನು ಎರಡು ಪದರ ಮಡಚಿ, ಹಿಡಿಗೆ ಅಂಚಿನ ಭಾಗವನ್ನೇ ನಾಲ್ಕು ಪದರ ಮಾಡಿ, ಹಿಡಿ ಚೀಲಕ್ಕೆ ಸೇರುವ ಕಡೆ ಅಡ್ಡಡ್ಡ ಎರಡು ಸಾಲು ಹೊಲಿಗೆ ಹಾಕಿಸಿ. ತರಕಾರಿಯ ಭಾರಕ್ಕೆ ಮೊದಲು ಕಿತ್ತು ಬರುವುದು ಅದೇ ಜಾಗ. ಚೀಲಕ್ಕೆ ಆಗದ ಚೂರುಗಳನ್ನು ಉದ್ದುದ್ದ ಸೀಳಿ ಜಡೆಯಂತೆ ಹೆಣೆದರೆ ಬಚ್ಚಲ ಬಾಗಿಲಿಗೆ ಕಾಲೊರಸು ಆಗುತ್ತದೆ. ಈ ಕೆಲಸವನ್ನು ಬೇಕಾದರೆ ಮಗಳಿಗೆ ವಹಿಸಿ, ಅತ್ತೆಯವರು ಪಕ್ಕದಲ್ಲಿ ಕೂತು ಹೇಳಿಕೊಡಲಿ.

— ಸಂ.