ಆಗಸ್ಟ್‌ನಲ್ಲೇ ಪ್ರೀಮಿಯರ್ ಲೀಗ್ ಚಾಂಪಿಯನ್‌ನ ಊಹಿಸೋದು

ಸೀಸನ್ ಶುರುವಾಗೋ ಆಗಸ್ಟ್‌ನಲ್ಲೇ ಇಂಗ್ಲೆಂಡಿನ ಈ ಫುಟ್‌ಬಾಲ್ ಲೀಗ್ ಯಾರು ಗೆಲ್ತಾರೆ ಅಂತ ಊಹಿಸ್ತೀರಾ, ಪ್ರತಿ ವರ್ಷ ಅದು ತಲೆಕೆಳಗಾಗುತ್ತಾ? ಕಾರಣ ಇಷ್ಟೇ: ಆಟಗಾರರನ್ನ ಕೊಳ್ಳೋಕೆ ಯಾರು ಜಾಸ್ತಿ ದುಡ್ಡು ಸುರಿದ್ರು ಅಂತ ನೋಡ್ತಿದ್ದೀರಿ. 2024-25ಕ್ಕೆ ಲಿವರ್‌ಪೂಲ್ ಹೊಸದಾಗಿ ಕಣಕ್ಕಿಳಿಸೋಕೆ ತಂದಿದ್ದು ಇಟಲಿಯ ಫಾರ್ವರ್ಡ್ ಕಿಯೇಸಾ ಒಬ್ಬನನ್ನೇ. ಆದ್ರೂ 84 ಪಾಯಿಂಟ್, ಕಪ್ ಅವರದ್ದೇ.

ಮೊದಲು ಹಿಂದಿನ ಸೀಸನ್ನಿನ ಪಾಯಿಂಟ್ ನೋಡಿ, ಸ್ಥಾನ ಅಲ್ಲ. ಆರ್ಸೆನಲ್ 2023-24ರಲ್ಲೂ ಎರಡನೇದು, 2024-25ರಲ್ಲೂ ಎರಡನೇದು. ಆದ್ರೆ ಮೊದಲನೇ ಸಲ 89 ಪಾಯಿಂಟ್, ಗೆದ್ದ ಮ್ಯಾಂಚೆಸ್ಟರ್ ಸಿಟಿಗಿಂತ ಬರೀ ಎರಡು ಕಮ್ಮಿ. ಮುಂದಿನ ಸಲ 74.

ಆಮೇಲೆ, ಇದೇ ಮುಖ್ಯ, ಪ್ರತಿ ತಂಡದಲ್ಲೂ ಬದಲಿಯೇ ಇಲ್ಲದ ಆಟಗಾರ ಯಾರು ಅಂತ ಹುಡುಕಿ. ಸತತ ನಾಲ್ಕು ಸಲ ಗೆದ್ದಿದ್ದ ಸಿಟಿ, 2024ರ ಸೆಪ್ಟೆಂಬರ್‌ನಲ್ಲಿ ಮಿಡ್‌ಫೀಲ್ಡರ್ ರೋಡ್ರಿ ಮಂಡಿಗೆ ಪೆಟ್ಟಾದ ಸೀಸನ್ನಲ್ಲಿ 71 ಪಾಯಿಂಟ್‌ಗೆ ಇಳೀತು. ಅದೊಂದೇ ಕಾರಣ ಅಂತ ನಾನು ಹೇಳಲ್ಲ, ಆದ್ರೆ ದೊಡ್ಡ ಕಾರಣ.

ಯೂರೋಪಿಯನ್ ಟೂರ್ನಿ ಯಾರಿಗಿಲ್ಲ ಅಂತಾನೂ ನೋಡಿ, ಅವರಿಗೆ ಪಂದ್ಯ ಕಮ್ಮಿ, ದಣಿವೂ ಕಮ್ಮಿ. 2016-17ರಲ್ಲಿ ಚೆಲ್ಸಿಗೆ ಇರಲಿಲ್ಲ. 93 ಪಾಯಿಂಟ್ ಹೊಡೆದು ಗೆದ್ದರು. ಹಿಂದಿನ ವರ್ಷ ಅದೇ ತಂಡ 10ನೇ ಸ್ಥಾನ!

ಪ್ರೀ-ಸೀಸನ್ ಸ್ನೇಹಪಂದ್ಯಗಳ ಸ್ಕೋರ್ ಮರೆತುಬಿಡಿ. ಟ್ರಾನ್ಸ್‌ಫರ್ ವಿಂಡೋ (ಆಟಗಾರರನ್ನ ಕೊಳ್ಳೋ-ಮಾರೋ ಅವಧಿ) ಮುಚ್ಚಿದ ಮೇಲೆ ಗೆಲ್ಲಬಹುದಾದ ಮೂರೇ ತಂಡಗಳ ಹೆಸರು ಬರೆದಿಡಿ.